ಕೊಟ್ಟಿಗೆಗೆ ಹೋದ ಫ್ಯಾನು

ಶಿವರಾತ್ರಿ ಕಳೆದ ಮೇಲೆ ಬೈರಮಂಗಲದ ಕೆಂಪರಾಜುವಿನ ಸೀಮೆಹಸು ಬೆದೆಗೆ ಬರುವುದನ್ನೇ ನಿಲ್ಲಿಸಿತು. ಹಾಲೂ ಕಡಿಮೆಯಾಗುತ್ತಿತ್ತು. ಹಸು ಮಾತ್ರ ತನಗೇನೂ ಸಂಬಂಧವಿಲ್ಲವೆಂಬಂತೆ ಮೆಲುಕು ಹಾಕುತ್ತ ನಿಂತಿರುತ್ತಿತ್ತು. ಕೆಂಪರಾಜು ಮೊದಲು ಹಿಂಡಿ ಮಾರಿದವನನ್ನು ಬೈದ, ಆಮೇಲೆ ಹಸು ಮಾರಿದವನನ್ನು, ಕೊನೆಗೆ ಹೆಂಡತಿ ಲತಾಮಣಿಯನ್ನು. ಅವಳು ಹಸುವಿನ ಮೇಲೆ ಕಣ್ಣಿಟ್ಟಿಲ್ಲವಂತೆ.

ಪಶುವೈದ್ಯೆ ಚೈತ್ರಾ ಬಂದು ನೋಡಿ, ರೋಗವೇನೂ ಇಲ್ಲ, ಇದು ಬಿಸಿಲಿನ ಕೆಲಸ ಎಂದರು. ಸೆಕೆಗೆ ಹಸುವಿನ ಮೈಯೊಳಗಿನ ಹಾರ್ಮೋನುಗಳು ಕುಗ್ಗುತ್ತವೆ. ಬೆದೆ ಬಂದರೂ ತಂಪು ಹೊತ್ತಿನಲ್ಲಿ ಸ್ವಲ್ಪ ತೋರಿ ಅಡಗಿಬಿಡುತ್ತದೆ. ನೆರಳು, ನೀರು, ಗಾಳಿ ಕೊಡಿ, ಬೆಳಗಿನ ಜಾವ ಗಮನಿಸಿ ಎಂದು ಹೇಳಿ ಹೋದರು.

ಇಷ್ಟೆಲ್ಲದರಲ್ಲಿ ಕೆಂಪರಾಜುವಿನ ಕಿವಿಗೆ ಬಿದ್ದದ್ದು ಗಾಳಿಯೊಂದೇ. ಅಂದೇ ಮಧ್ಯಾಹ್ನ ತಾಯಿ ಚಿಕ್ಕಲಕ್ಷ್ಮಮ್ಮನ ಕೋಣೆಯ ಫ್ಯಾನು ಬಿಚ್ಚಿ ಕೊಟ್ಟಿಗೆಯ ತೊಲೆಗೆ ಕಟ್ಟಿದ. ಗೋಣಿಚೀಲ ನೆನೆಸಿ ಸುತ್ತ ಇಳಿಬಿಟ್ಟ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮುದುಕಿ, ತನಗೂ ಸೆಕೆಯೇ ಎಂದಳು.

"ನೀನೇನವ್ವಾ, ಈ ವಯಸ್ಸಲ್ಲಿ ಕರ ಹಾಕ್ಬೇಕಾ?" ಎಂದ ಮಗ.

ಮುದುಕಿ ಚಾಪೆ, ದಿಂಬು, ಎಲೆಯಡಿಕೆ ಚೀಲ ತಂದು ಹಸುವಿನ ಪಕ್ಕದಲ್ಲೇ ಹಾಸಿಕೊಂಡಳು. ವಾರ ಕಳೆಯುವುದರಲ್ಲಿ ಲತಾಮಣಿಯೂ ಅಲ್ಲಿಗೇ ಬಂದಳು. ನೆಂಟರು ಬಂದರೆ ಕಾಫಿಯೂ ಅಲ್ಲೇ. ಮನೆಯೊಳಗೆ ಬೇಯುತ್ತಿದ್ದವನು ಕೆಂಪರಾಜು ಒಬ್ಬನೇ. ಯಜಮಾನ ಕೊಟ್ಟಿಗೆಯಲ್ಲಿ ಮಲಗಿದರೆ ಊರು ನಕ್ಕೀತೆಂಬ ಅಂಜಿಕೆ ಅವನಿಗೆ.

ಒಂದು ಮುಂಜಾನೆ ಚಿಕ್ಕಲಕ್ಷ್ಮಮ್ಮ ಸಿಡುಕುತ್ತ ಒಳಗೆ ಬಂದಳು.

"ಕೋಳಿ ಕೂಗೋ ಹೊತ್ತಿಂದ ನಿನ್ ಹಸ ಮಲಗಾಕೇ ಬುಡ್ನಿಲ್ಲ ಕಣ್ಲಾ. ಬಾಲ ಎತ್ಕಂಡು ಗೂಟನೇ ಸುತ್ತುತಾ ಐತೆ. ಆ ಫ್ಯಾನು ನನ್ ರೂಮ್ಗೇ ಹಾಕ್ಬುಡು."

ಇದು ಬೆದೆಯೇ ಎಂದು ಹೊಳೆದು, ಕೊನೆಯ ಮಾತು ಕೇಳಿಸಿಕೊಳ್ಳುವ ಮೊದಲೇ ಕೆಂಪರಾಜು ಡಾಕ್ಟರಿಗೆ ಫೋನು ಮಾಡಿದ್ದ. ಚೈತ್ರಾ ಬಂದು ಕೃತಕ ಗರ್ಭಧಾರಣೆಯ ಸೂಜಿ ಹಾಕಿದರು. ಹಸು ಗಬ್ಬ ನಿಂತಿತು.

ಅದು ಖಾತ್ರಿಯಾದ ಮೇಲೆ ಹಾಲಿನ ಡೇರಿಯವರು ಕೆಂಪರಾಜುವಿಗೆ ಶಾಲು ಹೊದಿಸಿದರು. ಅವನು ಮೈಕು ಹಿಡಿದು ಹಾರ್ಮೋನುಗಳ ಬಗ್ಗೆ ದೀರ್ಘವಾಗಿ ಮಾತಾಡಿದ. ಹೆಸರುಗಳೆಲ್ಲ ತಪ್ಪಿದರೂ ಚಪ್ಪಾಳೆ ತಪ್ಪಲಿಲ್ಲ. ಫ್ಯಾನಿನ ಪ್ರಸ್ತಾಪ ಪದೇ ಪದೇ ಬಂತು, ತಾಯಿಯದು ಒಮ್ಮೆಯೂ ಬರಲಿಲ್ಲ.

ಮುಂದಿನ ಬೇಸಿಗೆಗೆ ಊರಿನ ಅರ್ಧ ಮನೆಗಳಲ್ಲಿ ಅಜ್ಜಿಯರ ಫ್ಯಾನುಗಳು ಕೊಟ್ಟಿಗೆ ಸೇರಿದವು. ಹಿಂದೆಯೇ ಚಾಪೆ ಸುತ್ತಿಕೊಂಡು ಅಜ್ಜಿಯರೂ ಹೋದರು. ಕೆಲವು ಹಸುಗಳು ಗಬ್ಬ ನಿಂತವು, ಕೆಲವು ಮಳೆ ಬೀಳುವ ತನಕ ಕಾಯಿಸಿದವು. ಚೈತ್ರಾ ಯಾವ ಕೊಟ್ಟಿಗೆಗೆ ಹೋದರೂ ಹಸುವಿನ ಪಕ್ಕ ಒಬ್ಬ ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. ಮೊದಮೊದಲು ಅವರು ಮನೆಯ ಯಜಮಾನನನ್ನು ಕರೆದು ಹಸು ಹೇಗಿದೆ ಎಂದು ವಿಚಾರಿಸುತ್ತಿದ್ದರು. ಆಮೇಲಾಮೇಲೆ ನೇರವಾಗಿ ಅಜ್ಜಿಯನ್ನೇ ಎಬ್ಬಿಸತೊಡಗಿದರು.