ಎರಡು ನೀರಿನ ಗೆರೆ

ಮೂರೇ ದಿನ ಇದ್ದು ಬಂದ ಊರಿನ ಬಗ್ಗೆ ಹೇಳಲು ಹೊರಟಿದ್ದೇನೆ, ಕ್ಷಮೆ ಇರಲಿ. ಆ ಮೂರರಲ್ಲಿ ಒಂದು ದಿನವನ್ನು ನಾನೇ ಹಾಳು ಮಾಡಿದೆ. ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ.

ನಾನು ಹಿಮಾಯತ್‌ನಗರದ ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿ ಟಿಕೆಟ್ ಬುಕ್ ಮಾಡುತ್ತೇನೆ. ನಾನು ಚಿಕ್ಕಮ್ಮನ ಹಾಗೆ ಕಾಕು ಎಂದು ಕರೆಯುವ ಗಿರಾಕಿ ನಲಿನಿಯವರು ಅಲ್ಲಿಗೆ ಬಂದು, ರಷ್ಯಾದ ನಿಜ್ನಿ ನೊವ್‌ಗೊರೊದ್‌ಗೆ ಹೋಗಬೇಕು ಎಂದರು. ಅಲ್ಲಿ ಓಕಾ ನದಿ ವೋಲ್ಗಾವನ್ನು ಸೇರುತ್ತದೆ. ತೀರಿಹೋದ ಅವರ ಗಂಡ ದತ್ತಾತ್ರೇಯರು ಹಿಂದೆ ಫ್ಯಾಕ್ಟರಿ ತರಬೇತಿಗೆ ಹೋಗಿದ್ದಾಗ, ಎರಡು ಬಣ್ಣದ ನೀರು ನಡುವೆ ಗೆರೆ ಎಳೆದಂತೆ ಹರಿಯುತ್ತದೆ, ನಿನಗೂ ತೋರಿಸುತ್ತೇನೆ ಎಂದು ಕಾಗದ ಬರೆದಿದ್ದರಂತೆ. ಆ ಹೊತ್ತಿಗೆ ಕಾಕುವಿನ ಕಣ್ಣು ಮಂಜಾಗುತ್ತಿತ್ತು. ವರ್ಷದೊಳಗೆ ಪೂರ್ತಿ ಹೋಗಬಹುದೆಂದು ಡಾಕ್ಟರ್ ಹೇಳಿದ್ದರು. ಗಚ್ಚಿಬೌಲಿಯಲ್ಲಿ ಕೆಲಸ ಮಾಡುವ ಅವರ ಮಗಳು ದೀಪ್ತಿಗೆ ರಜೆ ಸಿಗಲಿಲ್ಲ. ಆಫೀಸಿನಲ್ಲಿ ಕನ್ನಡ ಬರುವವಳು ನಾನೊಬ್ಬಳೇ ಎಂದು ನನ್ನನ್ನು ಜೊತೆಗೆ ಕಳಿಸಿದರು.

ಎರಡು ವಿಮಾನ, ಒಂದು ರೈಲು. ಮರುದಿನ ಬೆಳಿಗ್ಗೆ ಕಾಕು ಬರೀ ಚಹಾ ಕುಡಿದರು. ಸಂಗಮದ ದರ್ಶನ ಆಗುವವರೆಗೆ ಬಾಯಿಗೆ ಏನೂ ಹಾಕುವುದಿಲ್ಲ ಎಂದರು. ಊರಿನ ಹಳೆಯ ಕೋಟೆಯ ಪಕ್ಕದಿಂದ ನದಿಗೆ ಇಳಿಯುವ ದೊಡ್ಡ ಮೆಟ್ಟಿಲು ಕಂಡಿತು. ನಮ್ಮ ಕಡೆ ಮೆಟ್ಟಿಲು ಇಳಿದಲ್ಲೇ ಸಂಗಮವಲ್ಲವೇ? ಯಾರನ್ನೂ ಕೇಳದೆ ಇಳಿಸಿದೆ. ನಾನೂರಕ್ಕೂ ಹೆಚ್ಚು ಮೆಟ್ಟಿಲು. ಕೆಳಗೆ ಒಂದೇ ನದಿ ಇತ್ತು.

ಮೀನು ಹಿಡಿಯುತ್ತಿದ್ದ ಮುದುಕನಿಗೆ ಫೋನಿನಲ್ಲಿ ನಕ್ಷೆ ತೋರಿಸಿದೆ. ಅವನು ನಾವು ಇಳಿದು ಬಂದ ಗುಡ್ಡದ ಮೇಲಕ್ಕೇ ಕೈ ಮಾಡಿದ. ಸಂಗಮ ಕಾಣುವುದು ಮೇಲಿನಿಂದ.

“ತಪ್ಪಾತ್ರಿ, ಕಾಕು,” ಎಂದೆ.

“ಟಿಕೆಟ್ಟಿನಾಗ ಒಂದು ಅಕ್ಷರ ತಪ್ಪಬಾರದಂತ ಮೂರು ಸಲ ಓದ್ತಿ, ಉಮಾ. ಇಷ್ಟು ಮೆಟ್ಟಲಾ ಇಳಸೂಮುಂದ ಒಬ್ಬರನ್ನೂ ಕೇಳಲಿಲ್ಲ ನೋಡು.”

ನನ್ನ ಫೋನಿನ ಕ್ಯಾಬ್ ಆ್ಯಪ್ ಅಲ್ಲಿ ನಡೆಯುತ್ತಿರಲಿಲ್ಲ. ಹತ್ತತೊಡಗಿದೆವು. ಹತ್ತು ಮೆಟ್ಟಿಲಿಗೊಮ್ಮೆ ಕೂತೆವು. ಅವರ ಚೀಲ, ನನ್ನ ಚೀಲ, ಕಡೆಗೆ ಅವರ ಕೋಟೂ ನನ್ನ ಹೆಗಲಿಗೆ ಬಂತು.

“ಒಂದು ಬಿಸ್ಕಿಟ್ ಆದ್ರೂ ತಿನ್ರಿ.”

“ಮೊದಲ ಗೆರಿ, ಆಮ್ಯಾಲ ಬಿಸ್ಕಿಟ್. ನೀ ತಿನ್ನು. ಭಾಳ ದಣದೀ.”

“ನನ್ನ ಮಾರಿ ಕಾಣತೈತೇನ್ರಿ ನಿಮಗ?”

“ಉಸಿರು ಕೇಳಸ್ತೈತಿ.”

ಮೇಲೆ ಬಂದು, ಮತ್ತೆ ನಡೆದು, ಸಂಗಮ ಕಾಣುವ ಗುಡ್ಡದಂಚಿನ ಕಟಕಟೆ ತಲುಪುವಷ್ಟರಲ್ಲಿ ಮೋಡ ಕವಿದಿತ್ತು. ಎದುರಿನ ಭೂಮಿಯ ತುದಿಯಲ್ಲಿ ಹಳದಿ ಚರ್ಚು, ಅದರ ಎರಡೂ ಬದಿಗೆ ನೀರು. ಎಲ್ಲ ಒಂದೇ ಬೂದಿ ಬಣ್ಣ. ಕಣ್ಣು ಕಿರಿದು ಮಾಡಿ ಹುಡುಕಿದೆ. ಗೆರೆ ಇರಲಿಲ್ಲ. ಬೆಳಿಗ್ಗೆ ಬಿಸಿಲಿತ್ತು. ಆಗ ನೇರ ಇಲ್ಲಿಗೆ ಕರೆತಂದಿದ್ದರೆ?

ಕಾಕು ಕಟಕಟೆ ಹಿಡಿದು ಬಹಳ ಹೊತ್ತು ನಿಂತರು. ನಾಳೆ ಮತ್ತೆ ಬರೋಣ ಎನ್ನಬೇಕಿತ್ತು. ಆದರೆ ನಾನು ಚೀಲಗಳನ್ನು ಇಳಿಸಿ ಏದುಸಿರು ಬಿಡುತ್ತ ಅಲ್ಲೇ ಕೂತೆ.

“ಕಾಣಾಕತ್ತೈತಿ,” ಎಂದರು. “ಅಲ್ಲೇ ಐತಿ. ತಾ, ಬಿಸ್ಕಿಟ್ ಕೊಡು.”

ಉಳಿದ ಎರಡು ದಿನ ಅಂಗಡಿ ಬೀದಿ, ಟ್ರ್ಯಾಮು ನೋಡಿದೆವು. ಸಂಗಮಕ್ಕೆ ಮತ್ತೆ ಹೋಗೋಣವೆಂದು ಅವರು ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಈಗ ಅವರಿಗೆ ಏನೂ ಕಾಣುವುದಿಲ್ಲ. ಭಾನುವಾರ ಮಣಿಕೊಂಡದ ನನ್ನ ಮನೆಯಿಂದ ಅವರಲ್ಲಿಗೆ ಹೋಗಿ ಮಾತಾಡಿಸಿ ಬರುತ್ತೇನೆ. ಮನೆಗೆ ಬಂದವರಿಗೆಲ್ಲ ಆ ಗೆರೆಯ ಸುದ್ದಿ ಹೇಳುತ್ತಾರೆ. ನಿಜವಾಗಿ ಕಂಡಿತ್ತೋ, ನನ್ನ ದಣಿದ ಉಸಿರು ಕೇಳಿ ಹಾಗೆಂದರೋ ನನಗೆ ಗೊತ್ತಿಲ್ಲ. ಅವರನ್ನು ಕೇಳಿಯೂ ಇಲ್ಲ.