ಎರಡು ಕೊಡ

ಕೊಡ ಬಗ್ಗಿಸಿ ಕೊನೆಯ ಹನಿಯನ್ನೂ ಹಂಡೆಗೆ ಸುರಿದ ರಸ್ತೆ ಬದಿಯ ಮನೆಯ ರುಕಿಯಾ ಒಳಗೆ ಇಣುಕಿದಳು. ಅರ್ಧವೂ ತುಂಬಿರಲಿಲ್ಲ.

“ಎಂತ ಮಾಡುದು ಶಾಂಭವಿ? ನಮ್ಮ ನಳ್ಳಿಯಲ್ಲಿ ಇವತ್ತು ಬಂದದ್ದೇ ಇಷ್ಟು.”

“ಇದರಲ್ಲಿ ಚಿಕ್ಕಮ್ಮನನ್ನು ಮೀಯಿಸುದು ಹೇಗೆ ರುಕಿಯಕ್ಕ?” ಜಾಲ್ಸೂರಿನಿಂದ ಮೊದಲ ಬಸ್ಸಿಗೆ ಬಂದಿದ್ದ ಶಾಂಭವಿ ಸೆರಗಿನಿಂದ ಮುಖ ಒರೆಸಿದಳು. ಸತ್ತ ಸೀತುವಿಗೆ ನೆಂಟರೆಂದರೆ ಅಕ್ಕನ ಮಗಳಾದ ಇವಳೊಬ್ಬಳೇ.

ಸೀತು ಚಾಪೆಯ ಮೇಲಿದ್ದಳು. ಬೀಡಿ ಕಟ್ಟಿ ಕಟ್ಟಿ ಬೆರಳ ತುದಿಗೆ ಹೊಗೆಸೊಪ್ಪಿನ ಬಣ್ಣ ಹತ್ತಿತ್ತು. ಮನೆಯ ಹಿಂದೆ ಹರಿಯುತ್ತಿದ್ದ ತೋಡು ಒಣಗಿ ಬರೀ ಕಲ್ಲು. ಮರಳಿನಲ್ಲಿ ಅವಳೇ ಅಗೆದ ಗುಂಡಿ, ಅದರ ತಳದಲ್ಲಿ ನೀರು ಮೊಗೆಯುವ ತೆಂಗಿನ ಗೆರಟೆ. ಪಕ್ಕದಲ್ಲಿ ಇನ್ನೆರಡು ಮನೆಗಳಿದ್ದವು. ತೋಡು ಬತ್ತಿದ ಮೇಲೆ ಅವರು ಪುತ್ತೂರಿಗೆ ಹೋದರು, ಹೋಗುವಾಗ ಮಾಡಿನ ಹಂಚನ್ನೂ ಬಿಚ್ಚಿಕೊಂಡರು. ಸೀತು ಉಳಿದಳು. ಯಾಕೆ ಉಳಿದೆ ಎಂದು ಕೇಳಲಿಕ್ಕೂ ಜನ ಬೇಕಲ್ಲ!

ಅಂಗಳಕ್ಕೆ ಪದ್ಮಯ್ಯ ಬಂದರು. ಮೇಲಿನ ತೋಟದವರು, ಬೇಸಿಗೆಯಲ್ಲಿ ಹಲಗೆ ಹಾಕಿ ತೋಡಿನ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟಿನ ಸಮಿತಿಗೆ ಅಧ್ಯಕ್ಷರು.

“ಛೇ, ಒಳ್ಳೆಯ ಹೆಂಗಸು. ಎಂತಾದರೂ ಬೇಕಾದರೆ ಹೇಳಿ.”

ರುಕಿಯಾ ಖಾಲಿ ಕೊಡಗಳನ್ನು ತಂದು ಅವರ ಕಾಲ ಬುಡದಲ್ಲಿಟ್ಟಳು.

“ಎರಡು ಕೊಡ ತಂದಿದ್ದೆ ಪದ್ಮಯ್ಯಣ್ಣ. ನೀವು ಹೇಳಿದಷ್ಟೇ. ಸಾಕಾ ನೋಡಿ.”

* * *

ಮೂರು ವರ್ಷದ ಹಿಂದಿನ ಗ್ರಾಮಸಭೆ. ಮಳೆ ಮೊದಲಿನ ಹಾಗಿಲ್ಲ, ಬಿದ್ದ ನೀರನ್ನು ಹಿಡಿದಿಡಬೇಕು ಎಂದು ಎಂಜಿನಿಯರ್ ಗೋಡೆಗೆ ನಕ್ಷೆ ಅಂಟಿಸಿದ್ದರು. ತೋಡಿನ ನೀಲಿ ಗೆರೆ ಅಣೆಕಟ್ಟಿನ ಹತ್ತಿರವೇ ಮುಗಿದಿತ್ತು. ಹಿಂದಿನ ಬೆಂಚಿನಿಂದ ಸೀತು ಎದ್ದಳು.

“ಹಲಗೆ ಹಾಕುವಾಗ ಒಂದು ಕಿಂಡಿ ಬಿಡಿ ಅಣ್ಣ. ಕೆಳಗೆ ನಾನೂ ಇದ್ದೇನೆ.”

“ನಿನ್ನೊಬ್ಬಳಿಗೆ ಎಷ್ಟು ನೀರು ಬೇಕು ಮಾರಾಯ್ತಿ? ದಿನಾ ಎರಡು ಕೊಡ ನಮ್ಮಲ್ಲಿಂದ ಹೊತ್ತುಕೊಂಡು ಹೋಗು!” ಎಂದರು ಪದ್ಮಯ್ಯ.

ಸಭೆ ನಕ್ಕಿತು. ಅವರದು ಕೆಟ್ಟ ಮನಸ್ಸೇನಲ್ಲ. ತಮಾಷೆ ಮಾಡಲಿಕ್ಕೆ ಕೆಟ್ಟ ಮನಸ್ಸು ಬೇಕೆಂದೂ ಇಲ್ಲ. ಸೀತುವೂ ನಕ್ಕು ಕುಳಿತಳು. ಆದರೆ ಆ ಎರಡು ಕೊಡಕ್ಕೆ ಒಂದು ದಿನವೂ ಹೋಗಲಿಲ್ಲ.

“ನಾನು ಕೇಳಿದ್ದು ತೋಡಿನ ನೀರು, ಅವರ ಮನೆಯದ್ದಲ್ಲ” ಎಂದಿದ್ದಳು ರುಕಿಯಾಳ ಹತ್ತಿರ.

* * *

ಪದ್ಮಯ್ಯ ಕೊಡಗಳನ್ನು ನೋಡಿದರು. ಆಮೇಲೆ ಫೋನ್ ತೆಗೆದು ಆಳಿಗೆ ಹೇಳಿದರು: “ಒಂದು ಹಲಗೆ ಎತ್ತು. ಹೌದು, ಈಗಲೇ.”

ಎಲ್ಲರೂ ತೋಡಿನ ಕಡೆ ನೋಡುತ್ತ ಕುಳಿತರು. ನೀರು ಬರಲಿಲ್ಲ. ದಾರಿಯ ಮರಳು ಮೊದಲು ನೆನೆಯಬೇಕಿತ್ತು.

“ಇನ್ನು ಕಾಯಲಿಕ್ಕೆ ಆಗುದಿಲ್ಲ, ಬಿಸಿಲು ಏರ್ತಾ ಉಂಟು” ಎಂದಳು ಶಾಂಭವಿ.

ಎರಡು ಕೊಡದಲ್ಲೇ ಸೀತುವಿನ ಸ್ನಾನ ಮುಗಿಯಿತು. ತಲೆಗೆ ಎರೆದದ್ದು ಪಾದದವರೆಗೆ ಸಾಲಲಿಲ್ಲ. ಪಾದವನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಪದ್ಮಯ್ಯನವರೂ ಊರ ಗಂಡಸರೂ ಅವಳನ್ನು ಗುಡ್ಡದ ಮೇಲಿನ ಸ್ಮಶಾನಕ್ಕೆ ಹೊತ್ತೊಯ್ದರು.

ಕೊಡ ಎತ್ತಿಕೊಂಡು ಹೊರಟ ರುಕಿಯಾಳಿಗೆ ಹಿತ್ತಲಲ್ಲಿ ಸರಸರ ಸದ್ದು ಕೇಳಿಸಿತು. ತರಗೆಲೆಗಳನ್ನು ದೂಡುತ್ತ ನೀರು ಬರುತ್ತಿತ್ತು. ಅಷ್ಟರಲ್ಲಿ ಫೋನ್ ಬಂತು.

“ನೀರು ಮುಟ್ಟಿತಾ ರುಕಿಯಾ?” ಗುಡ್ಡದಿಂದ ಪದ್ಮಯ್ಯನವರ ಧ್ವನಿ. “ಮುಟ್ಟಿದರೆ ಹಲಗೆ ಹಾಕಲಿಕ್ಕೆ ಹೇಳ್ತೇನೆ. ತೋಟಕ್ಕೆ ಬಿಡಬೇಕಲ್ಲ.”

ನೀರು ಗುಂಡಿಯೊಳಗೆ ಇಳಿಯಿತು. ತಳದ ಗೆರಟೆ ಅಲುಗಿ ಮೇಲೆದ್ದಿತು.

“ಹಲೋ? ಕೇಳ್ತದಾ?”

“ಇಲ್ಲ ಪದ್ಮಯ್ಯಣ್ಣ,” ರುಕಿಯಾ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು. “ಇನ್ನೂ ಬರಲಿಲ್ಲ.”

ಗೆರಟೆ ಒಂದು ಸುತ್ತು ತಿರುಗಿ, ಅಂಚು ದಾಟಿ, ತೋಡಿನಲ್ಲಿ ಕೆಳಕ್ಕೆ ಹೊರಟಿತು.