ಗಾಳಿಗೆ ಅಲುಗದ ಡೇರೆ

ಖಿರ್ಬತ್ ಸಿದ್ರಾ ಹಟ್ಟಿಯ ಗುಡ್ಡದ ಮೇಲೆ ಒಂಬತ್ತು ಡೇರೆಗಳಿದ್ದವು. ಎಂಟು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ಒಂದು ಮಾತ್ರ ಸುಮ್ಮನೆ ನಿಂತಿತ್ತು.

ಮಯ್ಸೂನ್ ಅದನ್ನು ಕೆಳಗಿನ ರಸ್ತೆಯಿಂದಲೇ ಗಮನಿಸಿದ್ದಳು. ಬೆತ್ಲೆಹೇಮ್ ಪೇಟೆಯ ಹುಡುಗಿ. ಯಾವ ಪತ್ರಿಕೆಯ ಸಂಬಳದವಳೂ ಅಲ್ಲ. ಸ್ವಂತ ಕ್ಯಾಮೆರಾ, ಸ್ವಂತ ಕಾಲು. ಮನೆ ಕೆಡವಲು ಬುಲ್ಡೋಜರ್ ಬಂದ ದಿನದ ಚಿತ್ರವನ್ನು ಎಲ್ಲರೂ ಕೊಳ್ಳುತ್ತಾರೆ. ಬುಲ್ಡೋಜರ್ ಬಾರದ ದಿನ ಈ ಜನ ಏನು ಮಾಡುತ್ತಾರೆ ಎಂದು ಯಾವ ಸಂಪಾದಕನೂ ಕೇಳಿದ್ದಿಲ್ಲ. ಅದನ್ನೇ ನೋಡಬೇಕೆಂದು ಅವಳು ಹೆಬ್ರಾನಿನ ದಕ್ಷಿಣದ ಈ ಬೋಳು ಬೆಟ್ಟಕ್ಕೆ ಬಂದಿದ್ದಳು.

ಹಾಜಿ ಮುಸ್ಲಿಹ್ ಗುಹೆಯ ಬಾಗಿಲಲ್ಲಿ ಚಾಪೆ ಹಾಸಿ ಕೂರಿಸಿದ. ಎಪ್ಪತ್ತರ ಮುದುಕ, ನಲವತ್ತು ಆಡುಗಳ ಒಡೆಯ. ಎರಡು ಸಲ ಮನೆ ಕಟ್ಟಿದ್ದ, ಎರಡು ಸಲವೂ ಆ ನೆಲವನ್ನು ಹಿಡಿದಿಟ್ಟ ಸೇನೆಯವರು ಉರುಳಿಸಿದ್ದರು. ಅಪ್ಪಣೆ ಇಲ್ಲದೆ ಕಟ್ಟಿದನಂತೆ. ಅಪ್ಪಣೆ ಕೊಡುವವರೂ ಅವರೇ, ಕೊಡದವರೂ ಅವರೇ, ಕೆಡವುವವರೂ ಅವರೇ. ಹಾಗಾಗಿ ಮನೆಯವರೆಲ್ಲ ಅಜ್ಜನ ಕಾಲದ ಗುಹೆಗೇ ಮರಳಿದ್ದರು.

"ಮನೆ ಬಿದ್ದ ದಿನ ಬರೋರು ನೀವು," ಎಂದಳು ಸೊಸೆ ಹಿಯಾಮ್, ಏಳು ತಿಂಗಳ ಹೊಟ್ಟೆಯ ಮೇಲೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ. "ಇವತ್ತೇನಕ್ಕ, ಮುಂಚೆನೇ ವಾಸನೆ ಬಂತಾ?"

"ಬಾಯಿ ಮುಚ್ಚೆ, ಅತಿಥಿ ಅವಳು," ಎಂದು ಮುದುಕ ಕಹಿ ಕಾಫಿಯ ಪುಟ್ಟ ಬಟ್ಟಲನ್ನು ಮಯ್ಸೂನ್‌ಳ ಕೈಗಿತ್ತ.

ಅಷ್ಟರಲ್ಲಿ ಹಿಯಾಮ್ ಆಡಿನ ಕಿವಿ ಹಿಡಿದು ಎಳೆಯತೊಡಗಿದಳು. ಆಡು ಅವಳನ್ನೇ ಎಳೆಯುತ್ತಿತ್ತು. ಬೆಳಕು ಸೊಗಸಾಗಿತ್ತು. ಮಯ್ಸೂನ್ ಬಟ್ಟಲನ್ನು ತುಟಿಗೆ ತಾಗಿಸದೆಯೇ ನೆಲಕ್ಕಿಟ್ಟು ಕ್ಯಾಮೆರಾ ಎತ್ತಿದಳು.

ಕ್ಯಾಮೆರಾ ಇಳಿಸಿದಾಗ ಹಾಜಿ ನೆಟ್ಟಗೆ ಕೂತು, ತುಂಬಿದ ಬಟ್ಟಲನ್ನೇ ನೋಡುತ್ತಿದ್ದ.

"ಕೇಳು ಮಗಳೆ," ಎಂದ. "ನನ್ನ ಕೈಲಿರೋದಾದ್ರೆ ಕೊಟ್ಟೆ ಅಂತ್ಲೇ ತಿಳ್ಕೊ. ಆಮೇಲೆ ಕಾಫಿ ಕುಡಿ."

ಮಯ್ಸೂನ್‌ಗೆ ಆಗ ನೆನಪಾಯಿತು. ಕಾಫಿ ಕುಡಿಯದೆ ಕೆಳಗಿಟ್ಟರೆ ಅತಿಥಿಗೆ ಏನೋ ಬೇಡಿಕೆ ಇದೆ ಎಂದರ್ಥ. ಈಡೇರುವವರೆಗೆ ಅವನು ಕುಡಿಯುವುದಿಲ್ಲ, ಈಡೇರಿಸದೆ ಕಳಿಸಿದರೆ ಮನೆಯವನ ಮಾನ ಹೋಯಿತು. ಪೇಟೆಯಲ್ಲಿ ಅದು ಹೆಣ್ಣು ಕೇಳುವ ದಿನದ ಶಾಸ್ತ್ರವಾಗಿ ಉಳಿದಿತ್ತು. ಇಲ್ಲಿ ದಿನನಿತ್ಯದ ಬದುಕಾಗಿತ್ತು. ತಪ್ಪಾಯ್ತು, ಮರೆತೆ ಎಂದುಬಿಡಬಹುದಿತ್ತು. ನಾಲಗೆಯ ತುದಿಗೆ ಬಂದದ್ದು ಬೇರೆಯೇ.

"ಆ ಡೇರೆ ಯಾಕೆ ಗಾಳಿಗೆ ಆಡ್ತಿಲ್ಲ, ಚಿಕ್ಕಪ್ಪ?"

ಹಿಯಾಮ್ ಆಡಿನ ಕಿವಿ ಬಿಟ್ಟಳು. ಮುದುಕ ಮೊಣಕಾಲಿಗೆ ಕೈ ಊರಿ ಎದ್ದ. "ಬಾ."

ಡೇರೆಯ ಪರದೆ ಸರಿಸಿದರೆ ಒಳಗೆ ಮನೆ ಇತ್ತು. ಒಂದೇ ಕೋಣೆ. ಸಿಮೆಂಟಿನ ಇಟ್ಟಿಗೆಯ ನಾಲ್ಕು ಗೋಡೆ, ಮೇಲೆ ತಗಡು. ಗೋಡೆಗೆ ಡೇರೆಯ ಬಟ್ಟೆಯನ್ನು ಬಿಗಿಯಾಗಿ ಮೊಳೆ ಹೊಡೆದಿದ್ದರು. ಗಾರೆ ಇನ್ನೂ ಹಸಿ. ಪೂರ್ವಕ್ಕೊಂದು ಕಿಟಕಿ ಬಿಟ್ಟಿದ್ದರು. ಕಿಟಕಿಯಾಚೆ ಬೆಟ್ಟವಿರಲಿಲ್ಲ, ಬಟ್ಟೆಯಿತ್ತು. ಅದನ್ನು ಹಾದ ಬೆಳಕು ಆಡಿನ ಹಾಲಿನ ಬಣ್ಣದಲ್ಲಿ ನೆಲಕ್ಕೆ ಬಿದ್ದಿತ್ತು. ಮಯ್ಸೂನ್‌ಳ ಬೆರಳು ಅವಳನ್ನು ಕೇಳದೆಯೇ ಒತ್ತಿತು. ಹತ್ತು ವರ್ಷಗಳಲ್ಲಿ ಇಂಥ ಚಿತ್ರ ಸಿಕ್ಕಿರಲಿಲ್ಲ.

"ತೆಗಿ," ಎಂದ ಮುದುಕ. "ಮಾತು ಕೊಟ್ಟಿದೀನಿ."

"ಮಾತು ಕೊಟ್ಟಿದ್ದು ಮಾವ," ಎಂದಳು ಹಿಯಾಮ್ ಬಾಗಿಲಿಗೆ ಅಡ್ಡ ನಿಂತು. "ಹೆರೋಳು ನಾನು. ಹೋದ ಸಲ ಗುಹೇಲಿ ಹೆತ್ತೆ. ಕೊರೆಯೋ ಚಳಿ, ಹೊಗೆ. ಕೂಸು ಹದಿನೈದೇ ದಿನ ಬದುಕಿತ್ತು. ಈ ಫೋಟೋ ಹೊರಗೆ ಬಿದ್ರೆ ನಾಳೆ ಬುಲ್ಡೋಜರ್ ಬರುತ್ತೆ. ಆಗ ಇನ್ನೊಂದು ಫೋಟೋ ತಕ್ಕೋತೀಯಲ್ಲ, ನಿನಗೇನು."

ಮಯ್ಸೂನ್‌ಗೆ ಸಿಟ್ಟು ಬರಲಿಲ್ಲ. ಬೇರೊಂದು ಯೋಚನೆ ಹತ್ತಿತ್ತು.

"ಹಿಯಾಮ್, ನಂಗೆ ಇದನ್ನ ಯಾರೂ ಹೇಳಿರ್ಲಿಲ್ಲ. ರಸ್ತೇಲಿ ಹೋಗ್ತಾ ಕಣ್ಣಿಗೆ ಬಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಸೇನೆಯವರ ಕಣ್ಣಿಗೆ ಬೀಳಲ್ವಾ?"

ಅತ್ತೆ ತೀರಿದ ಮೇಲೆ ಆ ಮನೆಯಲ್ಲಿ ಹಿಯಾಮ್‌ಳನ್ನು ಸುಮ್ಮನಾಗಿಸಿದವರು ಯಾರೂ ಇರಲಿಲ್ಲ. ಈಗ ಅವಳು ಬಾಗಿಲು ಬಿಟ್ಟು ಸರಿದಳು.

ಮಯ್ಸೂನ್ ಕ್ಯಾಮೆರಾಗೆ ಉದ್ದ ಮಸೂರ ಹಾಕಿಕೊಂಡು, ಡೇರೆ ದೂರಕ್ಕೆ ಹೇಗೆ ಕಾಣುತ್ತದೆಂದು ನೋಡಲು ಎದುರಿನ ದಿಬ್ಬ ಹತ್ತಿದಳು. ಸೇನೆಯ ತನಿಖೆಯವರು ಬಿಳಿ ಜೀಪು ನಿಲ್ಲಿಸಿ ನೋಡುತ್ತಿದ್ದ ಜಾಗ ಅದೇ. ಇತ್ತ ಹಾಜಿ ಇಕ್ಕಳ ಹಿಡಿದು ಮೊಳೆ ಕೀಳತೊಡಗಿದ. ಹಿಯಾಮ್ ಫೋನಿನಲ್ಲಿ ದಿಬ್ಬದವಳನ್ನು ಕೇಳುತ್ತಿದ್ದಳು.

"ಈಗ?"

"ಬೆನ್ನಿನ ಬಟ್ಟೆ ಆಡ್ತಿದೆ. ಎಡಗಡೆ ಮೂಲೆ ಇನ್ನೂ ಚೂಪು. ಬಟ್ಟೆಗೆ ಅಷ್ಟು ನೆಟ್ಟಗಿನ ಮೂಲೆ ಎಲ್ಲಿರುತ್ತೆ?"

"ಮಾವ, ಮೂಲೆಗೆ ಹೊಟ್ಟಿನ ಮೂಟೆ ಇಡಿ. ಮೇಲೆ ಬಟ್ಟೆ ಬಿಡಿ. ಈಗ?"

"ಚೆನ್ನಾಗಿ ಸೊಟ್ಟ ಆಯ್ತು. ಕತ್ತೆ ಹಿಂದೆ ಏನದು ಬೂದಿ ಬಣ್ಣದ್ದು?"

"ಕತ್ತೆ ಹಿಂದೆ ಇನ್ನೇನಿರುತ್ತೆ ಅಕ್ಕ."

"ಸಿಮೆಂಟ್ ಚೀಲ ಕಣೆ."

ಹಿಯಾಮ್ ನಕ್ಕಿದ್ದು ಫೋನಿಲ್ಲದೆಯೂ ದಿಬ್ಬಕ್ಕೆ ಕೇಳಿಸಿತು.

ಹೀಗೆ ಮೂವತ್ತೊಂದು ಚಿತ್ರ ತೆಗೆದಳು. ಪ್ರತಿಯೊಂದೂ ಶತ್ರುವಿನ ಕಣ್ಣಲ್ಲಿ. ಅವಳ ಕಸುಬು ಇದುವರೆಗೆ ಕಾಣಿಸುವುದಾಗಿತ್ತು. ಕಾಣದಿರಲು ಎಷ್ಟೆಲ್ಲ ದುಡಿಯಬೇಕು ಎಂದು ಗೊತ್ತಾದದ್ದು ಅವತ್ತು.

ಮಧ್ಯಾಹ್ನದ ಹೊತ್ತಿಗೆ ಬಿಳಿ ಜೀಪು ಬಂದೇ ಬಂತು. ಮಯ್ಸೂನ್ ಗುಹೆಯೊಳಗೆ ಕೂತು ಮಸೂರದಿಂದ ನೋಡಿದಳು. ದಿಬ್ಬದ ಮೇಲೆ ಕಪ್ಪು ಕನ್ನಡಕದವನೊಬ್ಬ ಇಳಿದು ತನ್ನ ಕ್ಯಾಮೆರಾ ಎತ್ತಿದ. ಎಡದಿಂದ ಒಂದೊಂದೇ ಡೇರೆ ತೆಗೆಯುತ್ತ ಬಂದ. ಹಿಯಾಮ್ ಒಲೆಯ ಮುಂದೆ ರೊಟ್ಟಿ ತಟ್ಟುತ್ತಲೇ ಇದ್ದಳು. ಒಂದೇ ರೊಟ್ಟಿಯನ್ನು ಬಹಳ ಹೊತ್ತು ತಟ್ಟಿದಳು. ಅವನು ಎಂಟನೆಯದಕ್ಕೆ ಬಂದ. ಒಂಬತ್ತನೆಯದಕ್ಕೆ ಬಂದ. ಗಾಳಿ ಬೀಸಿತು, ಬಟ್ಟೆ ಉಬ್ಬಿ ಇಳಿಯಿತು. ಅವನು ಕ್ಯಾಮೆರಾ ಮುಚ್ಚಿ ಜೀಪು ಹತ್ತಿದ.

"ಇವತ್ತಿಗೆ," ಎಂದ ಹಾಜಿ. ಮಯ್ಸೂನ್ ಬೆಳಗಿನ ಬಟ್ಟಲನ್ನೆತ್ತಿ ತಣ್ಣಗಾದ ಕಾಫಿ ಕುಡಿದಳು.

ಹೊರಡುವಾಗ ಮಯ್ಸೂನ್ ಕ್ಯಾಮೆರಾವನ್ನು ಹಿಯಾಮ್‌ಳ ಕೈಗೇ ಕೊಟ್ಟಳು. ದಾರಿಯ ತಪಾಸಣೆಯಲ್ಲಿ ಸೈನಿಕರು ಚಿತ್ರಗಳನ್ನು ತಿರುವಿ ನೋಡುತ್ತಾರೆ. ಅಳಿಸುವ ಗುಂಡಿ ಯಾವುದೆಂದು ತೋರಿಸಿದಳು. ಹಿಯಾಮ್ ದಿಬ್ಬದ ಚಿತ್ರಗಳನ್ನು ಒಂದೊಂದಾಗಿ, ಕಾಳಿನೊಳಗಿನ ಕಲ್ಲು ಆರಿಸುವಂತೆ ಅಳಿಸುತ್ತ ಹೋದಳು. ಕಿಟಕಿಯ ಚಿತ್ರಕ್ಕೆ ಬಂದಾಗ ಹೆಬ್ಬೆರಳು ನಿಂತಿತು.

"ನಮ್ಮ ಕೋಣೆ ಇಷ್ಟು ಚೆನ್ನಾಗಿದೆಯಾ?"

"ಇದೆ."

"ಇದು ಛಾಪಾದ್ರೆ ನಿನಗೆ ಹೆಸರು ಬರ್ತಿತ್ತಲ್ಲ."

"ಬರ್ತಿತ್ತು," ಎಂದಳು ಮಯ್ಸೂನ್. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಹಿಯಾಮ್ ಚಿತ್ರವನ್ನು ಹತ್ತಿರ ತಂದು, ಮೂಲೆಮೂಲೆ ನೋಡಿದಳು. "ಇಲ್ಲಿ ನೋಡು, ಕಿಟಕಿ ಕೆಳಗೆ ಗಾರೆ ಸರಿಯಾಗಿ ಕೂತಿಲ್ಲ. ಮಾವಂಗೆ ಕಣ್ಣು ಮಂಜು," ಎಂದವಳೇ ಗುಂಡಿ ಒತ್ತಿದಳು. ಕ್ಯಾಮೆರಾ ಹಿಂತಿರುಗಿಸಿ, ನಿಲುವಂಗಿಗೆ ಕೈ ಒರೆಸಿಕೊಂಡು, ಕರಣೆ ಹುಡುಕುತ್ತ ಡೇರೆಯ ಕಡೆ ನಡೆದಳು.